ಬಿಲ್ಡ್ ಸ್ಪರ್ಧೆಯಲ್ಲಿ ಒಬ್ಬೊಬ್ಬರಿಗೂ ಒಂದು ಗಡಿಯಾರ: ನನ್ನ ಅನುಭವ

ಬ್ಲಾಕ್ ಜೋಡಿಸಿ ಕಟ್ಟುವ ಮೈನ್‌ಕ್ರಾಫ್ಟ್ ಆಟದಲ್ಲಿ ಬಿಲ್ಡ್ (ಕಟ್ಟಡ ಕಟ್ಟುವ) ಸ್ಪರ್ಧೆ ಅಂದರೆ ಸಾಮಾನ್ಯವಾಗಿ ಏನು ಮಾಡುತ್ತಾರೆ? ಎಲ್ಲರನ್ನೂ ಒಂದೇ ಹೊತ್ತಿಗೆ ಸರ್ವರ್‌ಗೆ ಕರೆಯುತ್ತಾರೆ, ಥೀಮ್ ಹೇಳುತ್ತಾರೆ, ಎರಡು ಗಂಟೆ ಕೊಡುತ್ತಾರೆ, ಆಮೇಲೆ ಓಟು ಹಾಕಿಸುತ್ತಾರೆ. ನಾನು ಒಂದೇ ಹೊತ್ತನ್ನೂ ಬಿಟ್ಟೆ, ಓಟನ್ನೂ ಬಿಟ್ಟೆ. ಶುಕ್ರವಾರ ಸಂಜೆಯಿಂದ ಸೋಮವಾರ ಬೆಳಿಗ್ಗೆವರೆಗೆ ಸರ್ವರ್ ತೆರೆದಿಟ್ಟು, ತಲಾ ನಾಲ್ಕು ಗಂಟೆಯ ಸ್ವಂತ ಗಡಿಯಾರ ಕೊಟ್ಟೆ. ಪ್ಲಾಟಿಗೆ, ಅಂದರೆ ಕಟ್ಟಲು ಕೊಟ್ಟ ಜಾಗಕ್ಕೆ, ಬಂದರೆ ಗಡಿಯಾರ ಓಡುತ್ತದೆ, ಹೊರಗೆ ಹೋದರೆ ನಿಲ್ಲುತ್ತದೆ. "ಇದು ನಡೆಯಲ್ಲ, ಎಲ್ಲರೂ ಮೋಸ ಮಾಡ್ತಾರೆ, ಮಜಾನೂ ಇರಲ್ಲ" ಅಂತ ನನ್ನ ಹಾಗೇ ಸರ್ವರ್ ನಡೆಸುವ ಗೆಳೆಯರು ಹೇಳಿದರು. ಈಗ ಅವರೇ ಈ ಗಡಿಯಾರದ ಡೇಟಾ ಪ್ಯಾಕ್ (ಆಟಕ್ಕೆ ಹೊಸ ನಿಯಮ ಸೇರಿಸುವ ಕಡತ) ಕಳಿಸು ಅಂತಿದ್ದಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ವಿವರಿಸುವ ಬದಲು ಇಲ್ಲೇ ಬರೆದುಬಿಡುತ್ತೇನೆ. ಪೇಪರ್ (ಸರ್ವರ್ ತಂತ್ರಾಂಶ), ವರ್ಲ್ಡ್‌ಎಡಿಟ್ (ದೊಡ್ಡ ಭಾಗಗಳನ್ನು ಒಟ್ಟಿಗೆ ಕಾಪಿ ಮಾಡುವ ಸಾಧನ), ವರ್ಲ್ಡ್‌ಗಾರ್ಡ್ (ಜಾಗಕ್ಕೆ ಕಾವಲು), ಕೋರ್‌ಪ್ರೊಟೆಕ್ಟ್ (ಯಾರು ಯಾವ ಬ್ಲಾಕ್ ಇಟ್ಟರು ಅನ್ನುವ ದಾಖಲೆ) ಇವೆಲ್ಲ ಸರ್ವರ್ ನಡೆಸುವವರಿಗೆ ಗೊತ್ತಿರುವುದೇ, ಅದರ ಗೋಜಿಗೆ ಹೋಗುವುದಿಲ್ಲ.

ಹಳೇ ರೀತಿ ಯಾಕೆ ಕೈಕೊಟ್ಟಿತು ಅನ್ನುವುದನ್ನು ಮೊದಲು ಹೇಳಬೇಕು. ಸುಮಾರು ಮೂವತ್ತು ಜನ ಒಟ್ಟಿಗೆ ಬರುತ್ತಿದ್ದರು. ಮೊದಲ ಒಂದೂವರೆ ಗಂಟೆ ಏನೂ ತೊಂದರೆ ಇರುತ್ತಿರಲಿಲ್ಲ. ಕೊನೆಯ ಹತ್ತು ನಿಮಿಷ ಬಂತು ಅಂದರೆ ಎಲ್ಲರೂ ಮೈಮೇಲೆ ಬಂದವರ ಹಾಗೆ ಕಟ್ಟುತ್ತಿದ್ದರು. 20 ಇರಬೇಕಾದ ಟಿಪಿಎಸ್ (ಸರ್ವರ್ ಸೆಕೆಂಡಿಗೆ ಎಷ್ಟು ಟಿಕ್, ಅಂದರೆ ಹೆಜ್ಜೆ, ಇಡುತ್ತದೆ ಅನ್ನುವ ಲೆಕ್ಕ) 11-12ಕ್ಕೆ ಇಳಿಯುತ್ತಿತ್ತು. ಇಟ್ಟ ಬ್ಲಾಕ್ ಮಾಯ, ಒಡೆದ ಬ್ಲಾಕ್ ಮತ್ತೆ ಪ್ರತ್ಯಕ್ಷ. ಯಾರದೋ ನೆಟ್ ಹೋಗುತ್ತಿತ್ತು, ಯಾರನ್ನೋ ಮನೆಯವರು ಕರೆಯುತ್ತಿದ್ದರು. ಬೇರೆ ದೇಶದಲ್ಲಿದ್ದವರು ನಡುರಾತ್ರಿ ಎದ್ದು ಕೂರಬೇಕಿತ್ತು. ಹತ್ತು ಪ್ಲಾಟ್‌ನಲ್ಲಿ ನಾಲ್ಕು ಮುಗಿದರೆ ಹೆಚ್ಚು. ಉಳಿದವು ಛಾವಣಿ ಇಲ್ಲದ ಗೋಡೆಗಳು.

ಹಾಗಾದರೆ ಒಂದು ವಾರ ಪೂರ್ತಿ ಬಿಟ್ಟು ನೋಡೋಣ ಅಂತ ಬಿಟ್ಟೆವು. ಅದು ಇನ್ನೂ ಕೆಟ್ಟದಾಯಿತು. ಬಿಡುವಿರುವ ಮೂರ್ನಾಲ್ಕು ಜನ ಹಗಲೂ ರಾತ್ರಿ ಕೂತು, ಎಲೆ ಎಲೆಯಾಗಿ ಮರ ಮಾಡಿ, ದೊಡ್ಡ ದೊಡ್ಡ ಕೋಟೆ ಎಬ್ಬಿಸಿದರು. ದಿನಕ್ಕೆ ಅರ್ಧ ಗಂಟೆ ಸಿಗುವವರು ಬುಧವಾರದ ಹೊತ್ತಿಗೆ ಪಕ್ಕದ ಪ್ಲಾಟ್ ನೋಡಿ ಸುಮ್ನೆ ಬರುವುದನ್ನೇ ನಿಲ್ಲಿಸಿದರು. ಹೊಸಬರು ಹಾಗೆ ಸದ್ದಿಲ್ಲದೆ ಬಿಟ್ಟು ಹೋಗುವುದೇ ನನಗೆ ಎಲ್ಲಕ್ಕಿಂತ ಬೇಜಾರಿನ ವಿಷಯ. ಇದು ಸ್ನೇಹಕ್ಕೆ ಆಡುವ ಸ್ಪರ್ಧೆ, ಅಲ್ವಾ?

ಈಗ ಗಡಿಯಾರದ ವಿಷಯ. ಮೊದಲು ಆಟದಲ್ಲೇ ಇರುವ ಪ್ಲೇ ಟೈಮ್ ಅಂಕಿಅಂಶಕ್ಕೆ ಸ್ಕೋರ್‌ಬೋರ್ಡ್ ಕಟ್ಟಿ ನೋಡಿದೆ. ಅದು ಲೆಕ್ಕವನ್ನೇನೋ ಸರಿಯಾಗಿ ಇಡುತ್ತದೆ, ಆದರೆ ಲಾಬಿಯಲ್ಲಿ (ಎಲ್ಲರೂ ಬಂದು ಸೇರುವ ಜಾಗ) ನಿಂತು ಹರಟೆ ಹೊಡೆದ ಹೊತ್ತನ್ನೂ ಸೇರಿಸುತ್ತದೆ. ಆಗ ಯಾರೂ ಲಾಬಿಯಲ್ಲಿ ನಿಲ್ಲಲೇ ಇಲ್ಲ, ಮಾತೇ ಸತ್ತುಹೋಯಿತು. ಆಮೇಲೆ ಡೇಟಾ ಪ್ಯಾಕ್‌ನ ಟಿಕ್ ಫಂಕ್ಷನ್‌ನಲ್ಲಿ (ಪ್ರತಿ ಟಿಕ್‌ಗೂ ಓಡುವ ಆಜ್ಞೆಗಳಲ್ಲಿ) ನನ್ನದೇ ಒಂದು ಸಾಲು ಬರೆದೆ: ಕ್ರಿಯೇಟಿವ್ ಮೋಡ್‌ನಲ್ಲಿ (ಬೇಕಾದ ಬ್ಲಾಕ್ ಎಲ್ಲ ಸಿಗುವ ಸ್ಥಿತಿ) ಯಾರಿದ್ದಾರೋ ಅವರ ಸ್ಕೋರಿಗೆ ಒಂದು ಸೇರಿಸು. ಲಾಬಿಯಲ್ಲಿ ಎಲ್ಲರೂ ಅಡ್ವೆಂಚರ್ ಮೋಡ್ (ನಡೆಯಬಹುದು, ಬ್ಲಾಕ್ ಇಡಲು ಒಡೆಯಲು ಆಗದು), ಪ್ಲಾಟ್‌ನಲ್ಲಿ ಮಾತ್ರ ಕ್ರಿಯೇಟಿವ್. ಸೆಕೆಂಡಿಗೆ 20 ಟಿಕ್, ಗಂಟೆಗೆ 72,000, ನಾಲ್ಕು ಗಂಟೆಗೆ 2,88,000. ಅಷ್ಟು ಮುಟ್ಟಿದ ಕೂಡಲೇ ಆಟಗಾರ ಸ್ಪೆಕ್ಟೇಟರ್, ಅಂದರೆ ಹಾರಾಡಿ ನೋಡಬಹುದಾದ, ಏನನ್ನೂ ಮುಟ್ಟಲಾಗದ ಪ್ರೇಕ್ಷಕ, ಆಗುತ್ತಾನೆ. ಇಷ್ಟೇ ಯಂತ್ರ.

ಇದರಲ್ಲಿ ಒಂದು ಒಳ್ಳೆಯ ಗುಣ ಇದೆ. ಗಡಿಯಾರ ಓಡುವುದು ಟಿಕ್ ಮೇಲೆ, ನಿಜವಾದ ಸೆಕೆಂಡ್ ಮೇಲೆ ಅಲ್ಲ. ಸರ್ವರ್ ಲ್ಯಾಗ್ ಆದರೆ ಗಡಿಯಾರವೂ ನಿಧಾನ ಆಗುತ್ತದೆ, ಕಟ್ಟುವವನಿಗೆ ಅನ್ಯಾಯ ಆಗುವುದಿಲ್ಲ. ಸರ್ವರ್ ಕ್ರ್ಯಾಶ್ ಆಗಿ ಕೊನೆಯ ಕೆಲವು ನಿಮಿಷದ ಕೆಲಸ ಹೋದರೂ ಹಾಗೇ. ಸ್ಕೋರ್‌ಬೋರ್ಡ್ ಕೂಡ ವರ್ಲ್ಡ್ ಜೊತೆಗೇ ಸೇವ್ ಆಗುವುದರಿಂದ ಸಮಯವೂ ಹೆಚ್ಚುಕಮ್ಮಿ ಅಷ್ಟೇ ಹಿಂದಕ್ಕೆ ಹೋಗುತ್ತದೆ. ಉಳಿದ ಸಮಯವನ್ನು ಹಾಟ್‌ಬಾರ್ (ಪರದೆಯ ಕೆಳಗಿನ ವಸ್ತುಗಳ ಸಾಲು) ಮೇಲೆ ಸಣ್ಣದಾಗಿ ತೋರಿಸಿ. ಒಂದು ಗಂಟೆ ಉಳಿದಾಗ ಒಂದು ಸಲ, ಹದಿನೈದು ನಿಮಿಷ ಉಳಿದಾಗ ಇನ್ನೊಂದು ಸಲ ಶಬ್ದ ಮಾಡಿಸಿ. ಶಬ್ದ ಇಲ್ಲದ ಕಾಲದಲ್ಲಿ ಛಾವಣಿ ಹಾಕುತ್ತಾ ಇದ್ದವರು ಇದ್ದಕ್ಕಿದ್ದಂತೆ ಸ್ಪೆಕ್ಟೇಟರ್ ಆಗಿ ಸಿಟ್ಟಾಗಿದ್ದರು. ಅದು ನ್ಯಾಯವಾದ ಸಿಟ್ಟು.

"ಲಾಗ್ ಔಟ್ ಮಾಡಿ ಆರಾಮಾಗಿ ಪ್ಲಾನ್ ಮಾಡ್ತಾರಲ್ಲ?" ಅಂತ ಕೇಳಿದವರು ಜಾಸ್ತಿ. ಮಾಡಲಿ. ಕಾಗದದ ಮೇಲೆ ಯೋಚಿಸಿದ್ದೂ ಕಟ್ಟಡದ ಕೆಲಸವೇ. ನಿಜವಾದ ತೊಂದರೆ ಬೇರೆ: ಸಿಂಗಲ್ ಪ್ಲೇಯರ್‌ನಲ್ಲಿ ಪೂರ್ತಿ ಕಟ್ಟಿ ಅಭ್ಯಾಸ ಮಾಡಿ, ಇಲ್ಲಿ ಬಂದು ನಕಲು ಹೊಡೆಯುವುದು. ಅದಕ್ಕೆ ನನ್ನ ಉತ್ತರ ತಿರುವು. ಗಡಿಯಾರ 1,44,000 ಮುಟ್ಟಿದಾಗ, ಅಂದರೆ ಅರ್ಧ ಸಮಯ ಮುಗಿದಾಗ, ಪರದೆ ಮೇಲೆ ಇನ್ನೊಂದು ಷರತ್ತು ಬರುತ್ತದೆ. ಸುಮಾರು ಹತ್ತು ತಿರುವುಗಳಲ್ಲಿ ಯಾರಿಗೆ ಯಾವುದು ಅನ್ನುವುದನ್ನು ಆಟವೇ ಚೀಟಿ ಎತ್ತುತ್ತದೆ. ಹಾಗಾಗಿ ಶುಕ್ರವಾರ ಮುಗಿಸಿದವನು ಗೆಳೆಯನಿಗೆ ಮೊದಲೇ ಹೇಳಿಕೊಟ್ಟರೂ ಪ್ರಯೋಜನ ಇಲ್ಲ.

ಒಂದು ಉದಾಹರಣೆ ಹೇಳಲೇಬೇಕು. ಥೀಮ್ ದೀಪಸ್ತಂಭ. ಒಬ್ಬ ಹುಡುಗ ಅರ್ಧ ಪ್ಲಾಟ್ ನೀರು ತುಂಬಿಸಿ, ಬಂಡೆಗಳ ಸುತ್ತ ಗುಲಾಬಿ, ಹಳದಿ ಹವಳದ ಬ್ಲಾಕ್‌ಗಳನ್ನು ಜೋಡಿಸಿದ್ದ. ಅವನಿಗೆ ಬಂದ ತಿರುವು: "ಸಮುದ್ರ ಒಣಗಿಹೋಗಿದೆ." ಅವನು ಸ್ಪಾಂಜ್ ತಂದು ನೀರನ್ನೆಲ್ಲ ಹೀರಿಸಿಬಿಟ್ಟ, ಅಷ್ಟೇ. ನೀರು ತಾಗದ ಹವಳ ಕೆಲವೇ ಸೆಕೆಂಡಿನಲ್ಲಿ ಸತ್ತು ಬೂದಿ ಬಣ್ಣಕ್ಕೆ ತಿರುಗುತ್ತದೆ. ಒಂದಾದ ಮೇಲೊಂದು ಬ್ಲಾಕ್ ತಾನಾಗೇ ಬಣ್ಣ ಕಳೆದುಕೊಂಡವು, ಅವನು ಒಂದನ್ನೂ ಬದಲಿಸಬೇಕಾಗಿ ಬರಲಿಲ್ಲ. ಉಳಿದ ಸಮಯದಲ್ಲಿ ಸ್ಪ್ರೂಸ್ ಟ್ರ್ಯಾಪ್‌ಡೋರ್‌ಗಳನ್ನು ಪಕ್ಕೆಲುಬಿನಂತೆ ನಿಲ್ಲಿಸಿ, ಮರಳಿನಲ್ಲಿ ವಾಲಿದ ಒಂದು ದೋಣಿ ಮಾಡಿದ. ಸಿಂಗಲ್ ಪ್ಲೇಯರ್‌ನಲ್ಲಿ ಎಷ್ಟು ಅಭ್ಯಾಸ ಮಾಡಿಕೊಂಡು ಬಂದರೂ ಇದು ಸಿಗುವುದಿಲ್ಲ. ತಿರುವುಗಳನ್ನು ಹೇಗೆ ಬರೆಯುತ್ತೇನೆ, ಎಂಥವು ಕೆಲಸ ಮಾಡುವುದಿಲ್ಲ ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ. ನನ್ನ ಸ್ಪರ್ಧೆಗೆ ಬರುವವರೂ ಇದನ್ನು ಓದುತ್ತಾರೆ.

ಪಕ್ಕದವರ ಪ್ಲಾಟ್ ಕಾಣಬಾರದು ಅನ್ನುವುದಕ್ಕೆ ಗೋಡೆ ಎಲ್ಲ ಮಾಡಿ ಸಾಕಾಗಿತ್ತು. ಈಗ ಖಾಲಿ ವಾಯ್ಡ್ ವರ್ಲ್ಡ್‌ನಲ್ಲಿ 32ಕ್ಕೆ 32ರ ಪ್ಲಾಟ್‌ಗಳನ್ನು ಒಂದಕ್ಕೊಂದು 256 ಬ್ಲಾಕ್ ದೂರ ಇಡುತ್ತೇನೆ. ವ್ಯೂ ಡಿಸ್ಟೆನ್ಸ್ (ಆಟಗಾರನ ಸುತ್ತ ಎಷ್ಟು ದೂರದವರೆಗೆ ಸರ್ವರ್ ಕಳಿಸುತ್ತದೆ ಅನ್ನುವುದು) 6 ಚಂಕ್ (16 ಬ್ಲಾಕ್ ಅಗಲದ ತುಂಡು), ಅಂದರೆ 96 ಬ್ಲಾಕ್. ಪಕ್ಕದ ಪ್ಲಾಟ್‌ನ ಚಂಕ್ ಅವರ ಕಂಪ್ಯೂಟರಿಗೆ ಹೋಗುವುದೇ ಇಲ್ಲ, ಯಾವ ಮಾಡ್ (ಆಟವನ್ನು ಬದಲಿಸುವ ತಂತ್ರಾಂಶ) ಹಾಕಿದರೂ ಕಾಣುವುದಿಲ್ಲ. ಸರ್ವರ್ ಹೊರೆಯೂ ಇಳಿಯಿತು. ಪ್ಲಾಟ್ ಮೊದಲು 64ಕ್ಕೆ 64 ಇತ್ತು. ಅಷ್ಟು ದೊಡ್ಡ ಜಾಗ ನೋಡಿಯೇ ಹೊಸಬರು ಗಾಬರಿಯಾಗುತ್ತಿದ್ದರು, ಮುಕ್ಕಾಲು ಜಾಗ ಬರೀ ಹುಲ್ಲಾಗಿ ಉಳಿಯುತ್ತಿತ್ತು. 32 ಸಾಕು, ಎತ್ತರ 64 ಸಾಕು.

ದುಡ್ಡಿನ ವಿಷಯ ಯಾರೂ ಬಿಡಿಸಿ ಹೇಳುವುದಿಲ್ಲ, ಹಾಗಾಗಿ ನಾನು ಹೇಳುತ್ತೇನೆ. ಒಂದು ಜಾವಾ ಕಾಪಿಯ (ಕಂಪ್ಯೂಟರಿನ ಮೈನ್‌ಕ್ರಾಫ್ಟ್‌ನ ಒಂದು ಪ್ರತಿಯ) ಬೆಲೆಯನ್ನೇ ಅಳತೆಗೋಲು ಮಾಡಿಕೊಳ್ಳೋಣ. ಹಳೇ ರೀತಿಯಲ್ಲಿ ಮೂವತ್ತು ಜನರನ್ನು ತಡೆದುಕೊಳ್ಳುವ ಸರ್ವರ್‌ಗೆ ತಿಂಗಳಿಗೆ ಒಂದು ಕಾಪಿಗಿಂತ ಸ್ವಲ್ಪ ಜಾಸ್ತಿ ಹೋಗುತ್ತಿತ್ತು. ಲ್ಯಾಗ್ ಅಂತ ದೂರಿದಾಗ ಬಾಡಿಗೆ ಕಂಪನಿಯವರು ರ್‍ಯಾಮ್ ಏರಿಸಿ ಅಂದರು. ಏರಿಸಿದೆವು, ಒಂದಿಷ್ಟೂ ಪ್ರಯೋಜನ ಆಗಲಿಲ್ಲ. ಆಟದ ಮುಖ್ಯ ಲೂಪ್ ಓಡುವುದು ಬಹುಪಾಲು ಒಂದೇ ಥ್ರೆಡ್ ಮೇಲೆ, ಅಂದರೆ ಪ್ರೊಸೆಸರ್‌ನ ಒಂದೇ ಕೋರ್ ಮೇಲೆ. ಆ ಒಂದು ಕೋರ್ ನಿಧಾನ ಇದ್ದರೆ ರ್‍ಯಾಮ್ ಸುರಿದು ಏನೂ ಆಗಲ್ಲ. ಸ್ವಂತ ಗಡಿಯಾರ ಬಂದ ಮೇಲೆ ಒಂದೇ ಹೊತ್ತಿಗೆ ಎಂಟು-ಒಂಬತ್ತು ಜನಕ್ಕಿಂತ ಹೆಚ್ಚು ಇರುವುದೇ ಇಲ್ಲ. 4 ಜಿಬಿ, ಆದರೆ ವೇಗದ ಕೋರ್ ಇರುವ ಸಣ್ಣ ಸರ್ವರ್ ತೆಗೆದುಕೊಂಡೆ. ಬಾಡಿಗೆ ಮೂರನೇ ಒಂದು ಪಾಲಿಗೆ ಇಳಿಯಿತು.

ಇದಕ್ಕಿಂತ ದೊಡ್ಡ ಖರ್ಚು ಬಹುಮಾನ. ಗಿಫ್ಟ್ ಕಾರ್ಡ್‌ಗಳಿಗೇ ಒಂದು ಸ್ಪರ್ಧೆಗೆ ಮೂರು ಕಾಪಿಯಷ್ಟು ಹೋಗುತ್ತಿತ್ತು. ಗಿಫ್ಟ್ ಕಾರ್ಡ್ ಬಂದ ದಿನವೇ ಎರಡನೇ ಅಕೌಂಟ್‌ಗಳು, ಒಬ್ಬನ ಹೆಸರಲ್ಲಿ ಇಬ್ಬರು ಕಟ್ಟುವುದು, ಜಡ್ಜ್‌ಗಳಿಗೆ ಖಾಸಗಿ ಸಂದೇಶ, ಎಲ್ಲ ಶುರುವಾಯಿತು. ಪ್ರವೇಶಕ್ಕೆ ಚಿಕ್ಕ ಮೊತ್ತ ಇಟ್ಟು ನೋಡಿದೆವು, ಅರ್ಧ ಜನ ಬರಲಿಲ್ಲ. ಈಗ ದುಡ್ಡಿನ ಬಹುಮಾನವೇ ಇಲ್ಲ. ಗೆದ್ದವರ ಕಟ್ಟಡವನ್ನು ವರ್ಲ್ಡ್‌ಎಡಿಟ್‌ನಿಂದ ಕಾಪಿ ಮಾಡಿ ಲಾಬಿಯ ಬೀದಿಯಲ್ಲಿ ಶಾಶ್ವತವಾಗಿ ಇಡುತ್ತೇನೆ, ಮುಂದಿನ ಥೀಮ್ ಆರಿಸುವ ಹಕ್ಕು ಅವರದು. ಬಹುಮಾನ ಇಲ್ಲದಿದ್ದರೆ ನೊಣವೂ ಬರಲ್ಲ ಅಂದಿದ್ದರು. ಕಳೆದ ಸಲ ಮೂವತ್ತೈದು ಜನರ ಹತ್ತಿರ ಬಂದರು, ಹತ್ತರಲ್ಲಿ ಎಂಟು-ಒಂಬತ್ತು ಪ್ಲಾಟ್ ಮುಗಿದವು. ಒಟ್ಟು ಖರ್ಚು ಅರ್ಧ ಕಾಪಿ ದಾಟಲಿಲ್ಲ. ಇಷ್ಟು ಜನ ಕೊನೆತನಕ ನಿಂತ ಸ್ಪರ್ಧೆ ನನಗೆ ಗೊತ್ತಿರುವ ಸಣ್ಣ ಸರ್ವರ್‌ಗಳಲ್ಲಿ ಬೇರೆ ಇಲ್ಲ.

ತೀರ್ಪಿನ ಬಗ್ಗೆ. ಹತ್ತಕ್ಕೆ ಇಷ್ಟು ಅಂತ ಅಂಕ ಕೊಡಿಸಿದರೆ ಎಲ್ಲ ಜಡ್ಜ್‌ಗಳೂ ಏಳರಿಂದ ಎಂಟರ ಮಧ್ಯೆ ಕೊಟ್ಟು ಕೂರುತ್ತಾರೆ. ಆಟಗಾರರ ಓಟು ಹಾಕಿಸಿದರೆ ಗೆಳೆಯರ ಬಳಗ ದೊಡ್ಡದಿದ್ದವನು ಗೆಲ್ಲುತ್ತಾನೆ. ನಾನು ಜೋಡಿ ಹಾಕುತ್ತೇನೆ. ಜಡ್ಜ್‌ಗೆ ಎರಡು ಪ್ಲಾಟ್ ತೋರಿಸಿ ಒಂದೇ ಪ್ರಶ್ನೆ: ಇವೆರಡರಲ್ಲಿ ಯಾವುದರೊಳಗೆ ಇನ್ನೊಂದು ಸಲ ಹೋಗಬೇಕು ಅನಿಸುತ್ತದೆ? ಮೂವತ್ತು ಪ್ಲಾಟ್‌ಗೆ 435 ಜೋಡಿ ಆಗುತ್ತದೆ, ಅಷ್ಟನ್ನೂ ನೋಡುವುದು ಆಗದ ಮಾತು. ಒಂದೊಂದು ಪ್ಲಾಟ್ ಹನ್ನೆರಡು ಸಲ ಬಂದರೆ 180 ಜೋಡಿ ಸಾಕು. ಐದು ಜನ ಜಡ್ಜ್‌ಗಳಿಗೆ ತಲಾ ಮೂವತ್ತಾರು. ಲೆಕ್ಕಕ್ಕೆ ಚೆಸ್‌ನಲ್ಲಿ ಬಳಸುವ, ಎದುರಾಳಿಯ ಬಲ ನೋಡಿ ಅಂಕ ಏರಿಸಿ ಇಳಿಸುವ ಈಲೋ ರೇಟಿಂಗ್. ಎಲ್ಲರೂ 1500ರಿಂದ ಶುರು, ಕೆ ಬೆಲೆ (ಒಂದು ಜೋಡಿಯಿಂದ ರೇಟಿಂಗ್ ಹೆಚ್ಚೆಂದರೆ ಎಷ್ಟು ಬದಲಾಗಬಹುದು ಅನ್ನುವುದು) 32. ಯಾವ ಜೋಡಿ ಯಾವಾಗ ಬರಬೇಕು ಅನ್ನುವುದಕ್ಕೆ ನನ್ನದೇ ಒಂದು ಕ್ರಮ ಇದೆ, ಅದು ನನ್ನಲ್ಲೇ ಇರಲಿ.

ಜಡ್ಜ್‌ಗಳು ಸ್ಪೆಕ್ಟೇಟರ್ ಮೋಡ್‌ನಲ್ಲಿ ಹಾರಾಡಿ ನೋಡಬಾರದು, ಇದು ಬಹಳ ಮುಖ್ಯ. ಮೇಲಿಂದ ನೋಡಿದರೆ ಛಾವಣಿ ಚೆನ್ನಾಗಿದ್ದದ್ದೇ ಗೆಲ್ಲುತ್ತದೆ. ಅಡ್ವೆಂಚರ್ ಮೋಡ್‌ನಲ್ಲಿ ಬಾಗಿಲ ಮುಂದೆ ಬಿಡಿ, ನಡೆದು ಹೋಗಲಿ. ಮೆಟ್ಟಿಲು ಹತ್ತುವಾಗ ತಲೆ ತಾಗುತ್ತದಾ, ಕಿಟಕಿಯಿಂದ ಏನು ಕಾಣುತ್ತದೆ, ಇದೆಲ್ಲ ಆಗಲೇ ಗೊತ್ತಾಗುವುದು. ಪ್ಲಾಟ್‌ಗೆ ನಂಬರ್ ಮಾತ್ರ. ಬೋರ್ಡ್ ಮೇಲೆ ಹೆಸರು, ಗೋಡೆ ಮೇಲೆ ತನ್ನ ಸ್ಕಿನ್‌ನ (ಆಟದಲ್ಲಿನ ವೇಷದ) ತಲೆ ಇದ್ದರೆ ತೀರ್ಪಿಗೆ ಮುಂಚೆ ತೆಗೆಯುತ್ತೇನೆ. ಫಲಿತಾಂಶದಲ್ಲಿ ಮೊದಲ ಮೂವರ ಹೆಸರು ಮಾತ್ರ, ಕೊನೆಯವರ ರೇಟಿಂಗ್ ಯಾರಿಗೂ ತೋರಿಸುವುದಿಲ್ಲ. ಬದಲಿಗೆ ಪ್ರತಿ ಪ್ಲಾಟಿಗೂ ಜಡ್ಜ್‌ಗಳು ಒಂದೊಂದು ಸಾಲು ಬರೆಯಲೇಬೇಕು, "ಚೆನ್ನಾಗಿದೆ" ಅಂತ ಬರೆದರೆ ವಾಪಸ್ ಕಳಿಸುತ್ತೇನೆ. "ಅಡುಗೆಮನೆಯ ಹೊಗೆಗೂಡು ಹೊರಗಿನ ಚಿಮಣಿಗೆ ಸರಿಯಾಗಿ ಕೂತಿದೆ" ಅಂತ ಬರೆಯಬೇಕು. ಹೊಸಬರು ಮತ್ತೆ ಬರುವುದು ಈ ಒಂದು ಸಾಲಿಗಾಗಿ.

ಮೋಸ ಹಿಡಿಯುವುದು ಕಷ್ಟ ಇಲ್ಲ. ಲಿಟೆಮ್ಯಾಟಿಕಾಗೆ (ಕಟ್ಟಡದ ನಕ್ಷೆ ತೋರಿಸುವ ಮಾಡ್) ಪ್ರಿಂಟರ್ (ಆ ನಕ್ಷೆಯಂತೆ ತಾನೇ ಬ್ಲಾಕ್ ಇಡುವ ಮಾಡ್) ಸೇರಿಸಿಕೊಂಡು ಬಂದವರು ಇದ್ದರು. ಬಲಗಡೆ ಬಟನ್ ಒತ್ತಿ ಹಿಡಿದರೆ ಸೆಕೆಂಡಿಗೆ ಐದು ಬ್ಲಾಕ್ ಕೂರುತ್ತದೆ. ಬೇಗ ಬೇಗ ಕ್ಲಿಕ್ ಮಾಡಿದರೆ ಇನ್ನು ಸ್ವಲ್ಪ. ಕೋರ್‌ಪ್ರೊಟೆಕ್ಟ್ ಲಾಗ್‌ನಲ್ಲಿ ನಿಮಿಷಗಟ್ಟಲೆ ಸೆಕೆಂಡಿಗೆ ಹದಿನೈದು, ಇಪ್ಪತ್ತು ಬ್ಲಾಕ್, ಅದೂ ಕೆಳಗಿನ ಪದರದಿಂದ ಮೇಲಕ್ಕೆ ಸಾಲಾಗಿ ಕಂಡರೆ ಅದು ಮನುಷ್ಯನ ಕೈ ಅಲ್ಲ. ಎಲ್ಲರೆದುರು ಮಾನ ತೆಗೆಯದೆ ಒಬ್ಬರೇ ಇದ್ದಾಗ ಹೇಳಿ, ಪ್ಲಾಟ್ ಖಾಲಿ ಮಾಡಿ, ಗಡಿಯಾರ ಸೊನ್ನೆ ಮಾಡಿ ಕೊಡುತ್ತೇನೆ. ಬಹುತೇಕ ಎಲ್ಲರೂ ಮತ್ತೆ ಕಟ್ಟಿದ್ದಾರೆ.

ಫೋನ್‌ನಲ್ಲಿ ಆಡುವವರನ್ನು ಗೀಸರ್, ಫ್ಲಡ್‌ಗೇಟ್ (ಫೋನ್ ಆವೃತ್ತಿಯವರನ್ನು ಜಾವಾ ಸರ್ವರ್‌ಗೆ ಬಿಡುವ ಪ್ಲಗಿನ್‌ಗಳು) ಹಾಕಿ ಸೇರಿಸಿಕೊಂಡೆ. ಟಚ್‌ನಲ್ಲಿ ಕಟ್ಟುವುದು ನಿಧಾನ. ಅದೇ ನಾಲ್ಕು ಗಂಟೆಯಲ್ಲಿ ಕಂಪ್ಯೂಟರಿನವರ ಅರ್ಧದಿಂದ ಮುಕ್ಕಾಲು ಭಾಗದಷ್ಟು ಬ್ಲಾಕ್ ಇಡುತ್ತಾರೆ. ಹಾಗಾಗಿ ಅವರಿಗೆ ಐದು ಗಂಟೆ. ಫ್ಲಡ್‌ಗೇಟ್ ಅವರ ಹೆಸರಿನ ಮುಂದೆ ಚುಕ್ಕಿ ಹಾಕುವುದರಿಂದ ಗುರುತಿಸುವುದು ಸುಲಭ. ಟ್ಯಾಬ್ಲೆಟ್‌ಗೆ ಕೀಬೋರ್ಡ್ ಹಚ್ಚಿ ಆಡುವವರೂ ಇದರಲ್ಲಿ ಸೇರಿಬಿಡುತ್ತಾರೆ, ಅವರ ಮಾತನ್ನು ನಂಬುತ್ತೇನೆ.

ನಡುನಡುವೆ ಬೇರೆ ಪ್ರಯೋಗವೂ ಮಾಡಿದೆ. ಬರೀ ಹನ್ನೆರಡು ಬಗೆಯ ಬ್ಲಾಕ್ ಕೊಟ್ಟ ಸ್ಪರ್ಧೆ ಬಹಳ ಚೆನ್ನಾಗಿ ಬಂತು. ಆಟದ 1.19 ಆವೃತ್ತಿಯಲ್ಲಿ ಬಂದ ಮಡ್ ಬ್ರಿಕ್ಸ್ (ಮಣ್ಣಿನ ಇಟ್ಟಿಗೆ) ಅಷ್ಟು ಸೊಗಸಾಗಿ ಕಾಣಬಹುದು ಅಂತ ಅವತ್ತೇ ಗೊತ್ತಾಗಿದ್ದು. ಸಮಯವನ್ನು ನಡುರಾತ್ರಿಗೆ ನಿಲ್ಲಿಸಿ ಬೆಳಕಿನಿಂದಲೇ ಕಟ್ಟಿ ಅಂದದ್ದು ಫೋಟೋದಲ್ಲಿ ಚಂದ, ಒಳಗೆ ನಡೆಯುವುದು ಕಷ್ಟ. ಆರ್ಮರ್ ಸ್ಟ್ಯಾಂಡ್‌ಗೆ (ಕವಚ ತೊಡಿಸಿ ನಿಲ್ಲಿಸುವ ಗೊಂಬೆ) ಮಿತಿ ಇಡದಿದ್ದಾಗ ಒಂದೇ ಪ್ಲಾಟ್‌ನಲ್ಲಿ ಇನ್ನೂರರ ಮೇಲೆ ನಿಂತಿದ್ದವು, ಜಡ್ಜ್‌ಗಳ ಕಂಪ್ಯೂಟರಿನ ಫ್ರೇಮ್ ರೇಟ್ ಬಿದ್ದುಹೋಯಿತು. ಈಗ ಪ್ಲಾಟಿಗೆ ನಲವತ್ತು.

ಸದ್ಯ ತಲೆಯಲ್ಲಿರುವುದು ಅದಲುಬದಲು. ಎರಡು ಗಂಟೆ ನಿಮ್ಮ ಪ್ಲಾಟ್, ಉಳಿದೆರಡು ಗಂಟೆ ಅಪರಿಚಿತರೊಬ್ಬರ ಅರ್ಧ ಕಟ್ಟಿದ ಪ್ಲಾಟ್. ಸಣ್ಣದಾಗಿ ಎಂಟು ಜನರ ಜೊತೆ ಮಾಡಿ ನೋಡಿದೆ, ಜೋಡಿಯಾಗಿ ಗೆದ್ದವರಿಬ್ಬರು ಈಗ ಒಟ್ಟಿಗೇ ಆಡುತ್ತಾರೆ. ಆದರೆ ಒಬ್ಬರು ಅರ್ಧಕ್ಕೆ ಬಿಟ್ಟರೆ ಇನ್ನೊಬ್ಬರ ಪ್ಲಾಟ್ ಅನಾಥ ಆಗುತ್ತದೆ, ಅದಕ್ಕಿನ್ನೂ ದಾರಿ ಸಿಕ್ಕಿಲ್ಲ. ಗಡಿಯಾರದ ಡೇಟಾ ಪ್ಯಾಕ್ ಬೇಕಾದವರು ಕೇಳಿ, ಕೊಡುತ್ತೇನೆ. ಮೊದಲ ಸಲ ಹತ್ತು-ಹನ್ನೆರಡು ಜನಕ್ಕಿಂತ ಹೆಚ್ಚು ಸೇರಿಸಬೇಡಿ, ಮತ್ತು ಸೋಮವಾರ ಬೆಳಿಗ್ಗೆ ಸರ್ವರ್ ಮುಚ್ಚುವ ಮುಂಚೆ ವರ್ಲ್ಡ್‌ನ ಬ್ಯಾಕಪ್ ತೆಗೆದಿಟ್ಟುಕೊಳ್ಳಿ.