ಹಾಸನದಿಂದ ರಾಮೋತ್ಸವಕ್ಕೆ, ಗೆಳೆಯರ ಜೊತೆ

ಯುಗಾದಿ ಮುಗಿಯುತ್ತಿದ್ದ ಹಾಗೆ ನಮ್ಮ ಗುಂಪಿನಲ್ಲಿ ಒಂದೇ ಪ್ರಶ್ನೆ: ಈ ಸಲ ಯಾವ ಶನಿವಾರ? ಹೋಗುವುದು ಬೆಂಗಳೂರಿಗೆ. ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆ ಮೈದಾನದಲ್ಲಿ ನಡೆಯುವ ರಾಮನವಮಿ ಸಂಗೀತೋತ್ಸವಕ್ಕೆ. ಶ್ರೀ ರಾಮಸೇವಾ ಮಂಡಳಿಯವರು ಇದನ್ನು ನಡೆಸುತ್ತಾರೆ. 1939ರಲ್ಲಿ ಎಸ್.ವಿ. ನಾರಾಯಣಸ್ವಾಮಿ ರಾವ್ ಅವರು ಶುರು ಮಾಡಿದ್ದು. ಎಂ.ಎಸ್. ಸುಬ್ಬುಲಕ್ಷ್ಮಿ, ಭೀಮಸೇನ ಜೋಶಿಯಂಥವರು ಹಾಡಿದ ಜಾಗ ಅದು.

ನಮ್ಮಲ್ಲಿ ಸಂಗೀತ ಕಲಿತವರು ಯಾರೂ ಇಲ್ಲ. ಒಬ್ಬನದು ಗೊಬ್ಬರದ ಅಂಗಡಿ, ಒಬ್ಬಳು ಪ್ರೈಮರಿ ಶಾಲೆ ಟೀಚರ್, ಇನ್ನೊಬ್ಬ ಲೈನ್‌ಮ್ಯಾನ್. ಕೇಳಿ ಕೇಳಿ ಅಭ್ಯಾಸ ಆದವನು ನಾನೊಬ್ಬನೇ. ಹಾಗಾಗಿ ನಾನು ಒಂದು ನಿಯಮ ಇಟ್ಟುಕೊಂಡಿದ್ದೇನೆ: ಒಂದು ಪ್ರಯಾಣಕ್ಕೆ ಒಂದೇ ಸಂಗೀತ ಕಚೇರಿ, ಆದರೆ ಮೊದಲಿನಿಂದ ಕೊನೆಯ ಮಂಗಳದ ಹಾಡಿನವರೆಗೆ. ಉಳಿದ ಸುತ್ತಾಟವೆಲ್ಲ ಅದರ ಸುತ್ತ ಹೊಂದಿಕೊಳ್ಳಬೇಕು. ಹಗಲಿಡೀ ಬಿಸಿಲಲ್ಲಿ ಅಲೆದು ಸಂಜೆ ಪೆಂಡಾಲಿನಲ್ಲಿ ತೂಕಡಿಸಿದರೆ ಏನು ಬಂತು?

ಬಸ್ಸಿಗಿಂತ ರೈಲು ಒಳ್ಳೆಯದು. 2017ರಲ್ಲಿ ಕುಣಿಗಲ್ ಮೇಲಿನ ಹಳಿ ಪೂರ್ತಿ ಆದ ಮೇಲೆ ಅರಸೀಕೆರೆ ಸುತ್ತುವ ಕಷ್ಟ ತಪ್ಪಿತು. ಯಶವಂತಪುರದಲ್ಲಿ ಇಳಿದರೆ ಮೆಟ್ರೋ ಅಲ್ಲೇ ಇದೆ. ಹಸಿರು ಮಾರ್ಗದಲ್ಲಿ ಕೂತರೆ ರೈಲು ಬದಲಿಸದೆ ಕೆ.ಆರ್. ಮಾರುಕಟ್ಟೆಗೆ ಬರಬಹುದು. ಅಲ್ಲಿಂದ ಮೈದಾನಕ್ಕೆ ನಡೆದೇ ಹೋಗುತ್ತೇವೆ. ರಾತ್ರಿ ಉಳಿಯಲು ಮೆಜೆಸ್ಟಿಕ್ ಹತ್ತಿರ ಲಾಡ್ಜ್ ಹಿಡಿಯುತ್ತೇವೆ. ಅದು ಮಾರುಕಟ್ಟೆಯಿಂದ ಎರಡನೇ ನಿಲ್ದಾಣ.

ರೈಲಿನಲ್ಲೇ ನಮ್ಮ ಪಾಠ ಶುರು. ನಾನು ಕಲಿಸುವುದು ಆದಿತಾಳ ಒಂದನ್ನೇ. ತೊಡೆಯ ಮೇಲೆ ಒಂದು ತಟ್ಟು, ಆಮೇಲೆ ಕಿರುಬೆರಳಿನಿಂದ ಶುರು ಮಾಡಿ ಮೂರು ಬೆರಳಿನ ಎಣಿಕೆ, ಆಮೇಲೆ ತಟ್ಟಿ ಅಂಗೈ ಮೇಲಕ್ಕೆ ತಿರುವು, ಮತ್ತೆ ತಟ್ಟಿ ತಿರುವು. ಒಟ್ಟು ಎಂಟು. ಶ್ರವಣಬೆಳಗೊಳ ದಾಟುವಷ್ಟರಲ್ಲಿ ಎಲ್ಲರ ಕೈಗೂ ಅದು ಕೂತಿರುತ್ತದೆ. ರಾಗದ ಹೆಸರು, ಮೇಳಕರ್ತ ಎಂಬ ರಾಗಗಳ ವಿಂಗಡಣೆ, ಅದೆಲ್ಲ ಮೊದಲ ದಿನಕ್ಕೆ ಬೇಡವೇ ಬೇಡ. ಕೈ ತಾಳ ಹಿಡಿದರೆ ಕಿವಿ ತಾನಾಗಿ ಹಾಡಿನ ಹಿಂದೆ ಹೋಗುತ್ತದೆ. ಇದು ನನ್ನ ಗಟ್ಟಿ ನಂಬಿಕೆ. ಲೈನ್‌ಮ್ಯಾನ್ ಗೆಳೆಯ ಊರ ಹಬ್ಬದಲ್ಲಿ ತಮಟೆ ಬಾರಿಸುವವನು. ಅವನಿಗೆ ನಾನು ಹೇಳಿಕೊಡುವುದಕ್ಕಿಂತ ಅವನೇ ನನಗೆ ಹೇಳಿಕೊಟ್ಟದ್ದು ಜಾಸ್ತಿ.

ಶನಿವಾರ ಮಧ್ಯಾಹ್ನ ಒಂದು ಗಂಟೆ ನಿದ್ದೆ ಕಡ್ಡಾಯ. ಆಮೇಲೆ ಹೊತ್ತಿದ್ದರೆ ಪಕ್ಕದಲ್ಲೇ ಇರುವ ಟಿಪ್ಪುವಿನ ಬೇಸಿಗೆ ಅರಮನೆ ನೋಡಬಹುದು. ಹೈದರಾಲಿ ಶುರು ಮಾಡಿ ಟಿಪ್ಪು 1791ರಲ್ಲಿ ಮುಗಿಸಿದ ಕಟ್ಟಡ. ಮರದ ಕಂಬಗಳ ನಡುವೆ ತಂಪಾಗಿರುತ್ತದೆ. ಬಿಸಿಲಿಗೆ ಅಷ್ಟೇ ಸಾಕು.

ಕಚೇರಿಗೆ ಅರ್ಧ ಗಂಟೆ ಮೊದಲೇ ಹೋಗಿ ಕೂರುತ್ತೇವೆ. ಮೃದಂಗ ಬಾರಿಸುವವರ ಬಲಗೈ ಕಾಣುವಂಥ ಜಾಗ ಹುಡುಕುತ್ತೇನೆ. ಹೊಸಬರಿಗೆ ಗಾಯಕರ ಮುಖಕ್ಕಿಂತ ಆ ಕೈ ಮುಖ್ಯ. ಸ್ಪೀಕರ್ ಎದುರು ಮಾತ್ರ ಕೂರಬಾರದು.

ಮೊದಲು ವರ್ಣ ಎಂಬ ಆರಂಭದ ರಚನೆ, ಆಮೇಲೆ ಒಂದೆರಡು ಚಿಕ್ಕ ಕೃತಿ, ಅಂದರೆ ಕೀರ್ತನೆ. ಇಲ್ಲಿ ಯಾರಿಗೂ ಕಷ್ಟವಿಲ್ಲ. ದೊಡ್ಡ ಆಲಾಪನೆ, ಅಂದರೆ ರಾಗವನ್ನಷ್ಟೇ ಬಿಡಿಸಿ ಹಾಡುವುದು, ಬಂದಾಗ ಹೊಸಬರು ಚಡಪಡಿಸುತ್ತಾರೆ, ಯಾಕೆಂದರೆ ಹಿಡಿದುಕೊಳ್ಳಲು ಸಾಹಿತ್ಯವೂ ಇಲ್ಲ, ತಾಳವೂ ಇಲ್ಲ. ಆಗ ಪಿಟೀಲಿನ ಕಡೆ ಗಮನ ಕೊಡಿ ಎನ್ನುತ್ತೇನೆ. ಗಾಯಕರು ಹಾಡಿ ಬಿಟ್ಟ ಸಾಲಿನ ಕೊನೆಯನ್ನು ಪಿಟೀಲು ಹೇಗೆ ಎತ್ತಿಕೊಳ್ಳುತ್ತದೆ ಎಂದು ಕೇಳುತ್ತಿದ್ದರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಇನ್ನು ತನಿ ಆವರ್ತನ. ಮೃದಂಗ, ಘಟ ಅಥವಾ ಖಂಜಿರ ಮಾತ್ರ ನುಡಿಯುವ ಹೊತ್ತು. ಅಷ್ಟರಲ್ಲಿ ಪೆಂಡಾಲಿನ ಅರ್ಧ ಜನ ಕಾಫಿಗೆ ಎದ್ದು ಹೋಗುತ್ತಾರೆ. ನನಗೆ ನಿಜವಾಗಿ ಸಂಕಟ ಆಗುವುದು ಆಗಲೇ. ಆ ವಾದಕರು ತಾನೇ ಅಷ್ಟು ಹೊತ್ತು ಹಾಡನ್ನು ಹೊತ್ತು ನಡೆಸಿದ್ದು? ನಮ್ಮ ಗುಂಪು ಏಳುವುದಿಲ್ಲ. ರೈಲಿನಲ್ಲಿ ಕಲಿತ ಎಂಟು ಎಣಿಕೆ ಪೂರ್ತಿ ಕೆಲಸಕ್ಕೆ ಬರುವುದು ಇಲ್ಲಿ. ಮೊದಲು ಒಬ್ಬೊಬ್ಬರೇ ಉದ್ದಕ್ಕೆ ನುಡಿಸುತ್ತಾರೆ. ಆಮೇಲೆ ಸರದಿ ಚಿಕ್ಕದಾಗುತ್ತಾ ಬರುತ್ತದೆ. ಕೊನೆಗೆ ಇಬ್ಬರೂ ಸೇರಿ ಒಂದೇ ನುಡಿಯನ್ನು ಮೂರು ಸಲ ಬಾರಿಸಿ ಮುಗಿಸುತ್ತಾರೆ, ಗಾಯಕರು ಪಲ್ಲವಿಯನ್ನು ಸರಿಯಾಗಿ ತಮ್ಮ ಜಾಗಕ್ಕೆ ಎತ್ತಿಕೊಳ್ಳುತ್ತಾರೆ. ಒಂದು ವರ್ಷ ಅದೇ ಹೊತ್ತಿಗೆ ಮಳೆ ಶುರುವಾಗಿ ಪೆಂಡಾಲಿನ ಮೇಲೆ ಜೋರಾಗಿ ಸದ್ದು. ಆದರೂ ತಾಳ ತಪ್ಪದೆ ನಮ್ಮ ಗುಂಪು ಆ ಜಾಗಕ್ಕೆ ಒಟ್ಟಿಗೆ ತಟ್ಟಿತು. ಗೊಬ್ಬರದಂಗಡಿ ಗೆಳೆಯ ನನ್ನ ಭುಜ ಹಿಡಿದು "ಸಿಕ್ತು ಕಣೋ!" ಎಂದ. ನನಗೆ ಕಣ್ಣು ತುಂಬಿ ಬಂತು.

ಕಚೇರಿ ಮುಗಿದ ಮೇಲೆ ಆಟೋ ಹಿಡಿದು ವಿ.ವಿ. ಪುರದ ತಿಂಡಿ ಬೀದಿಗೆ. ಬಿಸಿ ಹೋಳಿಗೆಗೆ ತುಪ್ಪ. ಕೊನೆಯ ಮೆಟ್ರೋ ತಪ್ಪದ ಹಾಗೆ ಗಡಿಯಾರ ನೋಡುವ ಕೆಲಸ ಟೀಚರದು. ಭಾನುವಾರ ಸಂಜೆ ವಾಪಸ್ ರೈಲಿನಲ್ಲಿ ತುಂಬಾ ನೂಕುನುಗ್ಗಲು. ಹೋಗುವ ಟಿಕೆಟ್ ಜೊತೆಗೇ ಬರುವ ಸೀಟನ್ನೂ ಕಾದಿರಿಸಿ.

ಹೋದ ಸಲ ವಾಪಸ್ ಬರುವಾಗ ಟೀಚರ್ ಕೇಳಿದಳು, "ನಮ್ಮ ಜಿಲ್ಲೆಯವರು ಯಾರಾದ್ರೂ ಇಷ್ಟು ದೊಡ್ಡವರು ಇದ್ದಾರಾ?" ಇದ್ದಾರಾ ಎಂದರೆ! ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಸಂಗೀತಗಾರರ ಊರು. 1920ರಲ್ಲಿ ಅಲ್ಲಿ ಹುಟ್ಟಿದ ಆರ್.ಕೆ. ಶ್ರೀಕಂಠನ್ ಅವರಿಗೆ 2011ರಲ್ಲಿ ಪದ್ಮಭೂಷಣ ಬಂತು. ಕಾವೇರಿ ದಡದ ಆ ಊರಿನಲ್ಲಿ ತಂಬೂರಿ ಆಕಾರದ ಗುಡಿಯೇ ಇದೆ, ವಿದ್ವಾನ್ ಆರ್.ಕೆ. ಪದ್ಮನಾಭ ಅವರು ಕಟ್ಟಿಸಿದ್ದು. ಇಷ್ಟು ಹೇಳುವಷ್ಟರಲ್ಲಿ ಲೈನ್‌ಮ್ಯಾನ್ ಗೆಳೆಯ ಮೊಬೈಲ್ ತೆಗೆದು ಮುಂದಿನ ಭಾನುವಾರ ಯಾರ್ಯಾರಿಗೆ ಬಿಡುವಿದೆ ಎಂದು ಕೇಳುತ್ತಿದ್ದ.