ಕ್ಯಾಥೆಟರ್ ಅರ್ಧಕ್ಕೆ ನಿಂತಾಗ

ಬೆನ್ನುಹುರಿಗೆ ಪೆಟ್ಟಾದ ಮೇಲೆ ನನ್ನ ಮೂತ್ರಕೋಶ ತಾನಾಗಿ ಖಾಲಿಯಾಗುವುದು ನಿಂತುಹೋಯಿತು. ಒಂಬತ್ತು ವರ್ಷದಿಂದ ದಿನಕ್ಕೆ ಐದು ಸಲ ನಾನೇ ಕ್ಯಾಥೆಟರ್, ಅಂದರೆ ತೆಳು ನಳಿಗೆ, ಹಾಕಿ ಮೂತ್ರ ತೆಗೆಯುತ್ತೇನೆ. ಹಾಕುವುದನ್ನು ಕಲಿತದ್ದು ಎರಡೇ ದಿನದಲ್ಲಿ. ಅದರ ರಗಳೆಗಳನ್ನು ನಿಭಾಯಿಸಲು ಎರಡು ವರ್ಷ ಹಿಡಿಯಿತು.

ಮೊದಲನೆಯದು, ನಳಿಗೆ ಅರ್ಧಕ್ಕೆ ನಿಲ್ಲುವುದು. ಗಂಡಸರ ಮೂತ್ರನಾಳ ಸುಮಾರು 20 ಸೆಂಟಿಮೀಟರ್ ಉದ್ದ, ನಡುವೆ ತಿರುವು ಬೇರೆ. ಮೂತ್ರಕೋಶ ಇನ್ನೇನು ಸಿಕ್ಕಿತು ಅನ್ನುವಾಗ ಬಳೆಯಂಥ ಒಂದು ಸ್ನಾಯು ಅಡ್ಡ ಬರುತ್ತದೆ. ನನ್ನದು 12 ನಂಬರಿನ ನಳಿಗೆ, ಅಂದರೆ 4 ಮಿಲಿಮೀಟರ್ ದಪ್ಪ. ಬಳೆ ಬಿಗಿ ಹಿಡಿದರೆ ಅದೂ ಹೋಗುವುದಿಲ್ಲ. ಒಂದು ಬೆಳಿಗ್ಗೆ ಹೊರಡುವ ಗಡಿಬಿಡಿಯಲ್ಲಿ ಜೋರಾಗಿ ತಳ್ಳಿದೆ. ತೆಗೆದು ನೋಡಿದರೆ ತುದಿಯಲ್ಲಿ ರಕ್ತ. ತಳ್ಳಿದಷ್ಟೂ ಅದು ಬಿಗಿಯುತ್ತದೆ ಅಂತ ಆಗ ಗೊತ್ತಿರಲಿಲ್ಲ.

ಈಗ ಅದು ನಿಂತರೆ ನಾನೂ ನಿಲ್ಲುತ್ತೇನೆ. ಶಿಶ್ನವನ್ನು ಹೊಟ್ಟೆಯ ಕಡೆಗೆ ಎತ್ತಿ ನೆಟ್ಟಗೆ ಹಿಡಿಯುತ್ತೇನೆ, ತಿರುವು ಸಡಿಲವಾಗುತ್ತದೆ. ನಳಿಗೆಯನ್ನು ಎರಡು ಬೆರಳಲ್ಲಿ ಹಗುರವಾಗಿ ಒತ್ತಿಕೊಂಡು ಉದ್ದಕ್ಕೆ ಉಸಿರು ಬಿಡುತ್ತೇನೆ, ಒಮ್ಮೆ ಕೆಮ್ಮುತ್ತೇನೆ. ಬಳೆ ಬಿಟ್ಟುಕೊಟ್ಟದ್ದು ಬೆರಳಿಗೇ ತಿಳಿಯುತ್ತದೆ. ನಳಿಗೆ ಸುಮ್ನೆ ಜಾರುತ್ತದೆ. ಆಗದಿದ್ದರೆ ತೆಗೆದು, ಹತ್ತು ನಿಮಿಷ ಬಿಟ್ಟು, ಹೊಸದು ಹಾಕುತ್ತೇನೆ. ಆಗಲೂ ಹೋಗದೆ ಹೊಟ್ಟೆ ಉಬ್ಬತೊಡಗಿದರೆ ನೇರ ಆಸ್ಪತ್ರೆಗೆ.

ಒಳಗೆ ಹೋದರೂ ಮೂತ್ರ ಬಾರದಿದ್ದರೆ ಗಾಬರಿ ಬೇಡ. ಬಹಳ ಸಲ ತುದಿಯ ತೂತಿಗೆ, ಜಾರಲೆಂದು ಹಚ್ಚಿದ ಜೆಲ್ಲಿ ಮೆತ್ತಿಕೊಂಡಿರುತ್ತದೆ. ಅರ್ಧ ನಿಮಿಷ ಕಾದರೆ ಕರಗುತ್ತದೆ.

ನನ್ನನ್ನು ಜಾಸ್ತಿ ಕಾಡಿದ್ದು ರಾತ್ರಿಯ ಸೋರಿಕೆ. ಸಂಜೆ ನೀರು ಕುಡಿಯುವುದನ್ನು ಕಡಿಮೆ ಮಾಡಿದೆ, ಆದರೂ ಹಾಸಿಗೆ ಒದ್ದೆ. ಕೊನೆಗೆ ಒಂದು ವಾರ ಪ್ರತಿ ಸಲವೂ ಅಳೆದು ನೋಟ್‌ಬುಕ್ಕಿನಲ್ಲಿ ಬರೆದೆ. ಹಗಲಲ್ಲಿ 250, 300 ಮಿಲಿ. ಬೆಳಗಿನದು 800! ಒಂದು ಸಲಕ್ಕೆ 500 ದಾಟಬಾರದು ಅಂದಿದ್ದರು. ನರ್ಸಮ್ಮ ಪುಸ್ತಕ ನೋಡಿ, ಆಮೇಲೆ ನನ್ನ ಕಾಲು ನೋಡಿದರು. ಸಾಕ್ಸಿನ ಗುರುತು ಆಳವಾಗಿ ಬಿದ್ದಿತ್ತು. ದಿನವಿಡೀ ಗಾಲಿಕುರ್ಚಿಯಲ್ಲಿ ಕೂತು ಕಾಲಿಗಿಳಿದ ನೀರು, ಮಲಗಿದ ಮೇಲೆ ರಕ್ತಕ್ಕೆ ಮರಳಿ ಮೂತ್ರವಾಗುತ್ತಿತ್ತು. ಆಗಿನಿಂದ ಸಂಜೆ ಒಂದು ಗಂಟೆ ಕಾಲು ಎತ್ತರಿಸಿಕೊಂಡು ಮಲಗುತ್ತೇನೆ, ರಾತ್ರಿ ನಿದ್ದೆಗೆ ಮುಂಚೆ ಖಾಲಿ ಮಾಡುತ್ತೇನೆ. ಬೆಳಗಿನ ಲೆಕ್ಕ 450ಕ್ಕೆ ಇಳಿಯಿತು.

ಸೋಂಕಿನ ಭಯ ಮೊದಲು ವಿಪರೀತ ಇತ್ತು. ಮೂತ್ರ ಸ್ವಲ್ಪ ಮಬ್ಬಾದರೂ ಮಾತ್ರೆ ಕೇಳುತ್ತಿದ್ದೆ. ನಮ್ಮಂಥವರ ಮೂತ್ರದಲ್ಲಿ ಬ್ಯಾಕ್ಟೀರಿಯಾ ಸಾಮಾನ್ಯ. ಜ್ವರ, ಚಳಿ ನಡುಕ, ಹೊಸದಾಗಿ ಸೋರುವುದು, ಕಾಲಿನ ಸೆಳೆತ ಹೆಚ್ಚಾಗುವುದು, ಇಂಥದ್ದು ಕಂಡರೆ ಮಾತ್ರ ಡಾಕ್ಟರ ಹತ್ತಿರ ಹೋಗುತ್ತೇನೆ. 1972ರಲ್ಲಿ ಅಮೆರಿಕದ ಡಾಕ್ಟರ್ ಜ್ಯಾಕ್ ಲ್ಯಾಪಿಡಿಸ್ ಮತ್ತು ಜೊತೆಯವರು ಹೇಳಿದ್ದೂ ಇದನ್ನೇ ಅಲ್ವಾ: ಎಲ್ಲವನ್ನೂ ಕ್ರಿಮಿರಹಿತ ಮಾಡುವ ಹಟಕ್ಕಿಂತ, ಕೈ ತೊಳೆದು ಹೊತ್ತುಹೊತ್ತಿಗೆ ಖಾಲಿ ಮಾಡುವುದು ಮುಖ್ಯ. ಅದಕ್ಕೇ ತೆಗೆಯುವಾಗ ಅವಸರ ಮಾಡುವುದಿಲ್ಲ. ಹರಿವು ನಿಂತ ಮೇಲೆ ಒಂದಿಷ್ಟೇ ಹಿಂದೆಳೆದು ಕಾಯುತ್ತೇನೆ. ಎಷ್ಟೋ ಸಲ ಇನ್ನೂ ಒಂದು ಗುಟುಕಿನಷ್ಟು ಬರುತ್ತದೆ.

ಹೊರಗೆ ಹೋಗುವಾಗ ಬೇಕಾದ್ದಕ್ಕಿಂತ ಎರಡು ನಳಿಗೆ ಜಾಸ್ತಿ ಇಟ್ಟುಕೊಳ್ಳುತ್ತೇನೆ. ಇದ್ದ ಒಂದೇ ಒಂದು ನಳಿಗೆ ಟಾಯ್ಲೆಟ್ಟಿನ ನೆಲಕ್ಕೆ ಬಿದ್ದ ದಿನ ಇನ್ನೂ ನೆನಪಿದೆ.