ಗಣಿಯ ಉಪ್ಪು ನೀರಿಂದ ಸಿಹಿ ನೀರು, ಜಿಪ್ಸಮ್, ಬಣ್ಣ: ತೆಗೆಯೋದು ಹೇಗೆ?

ನಮ್ಮ ಮಂಗಳೂರು ಕಡೆಯವರಿಗೆ ಉಪ್ಪು ನೀರು ಹೊಸತಲ್ಲ. ಏಪ್ರಿಲ್ ಬಂತು ಅಂದ್ರೆ ಹೊಳೆ ಬದಿಯ ಬಾವಿಗಳು ಉಪ್ಪಾಗ್ಲಿಕ್ಕೆ ಶುರು, ತಣ್ಣೀರುಬಾವಿಯಲ್ಲಿ ಸಮುದ್ರದ ನೀರು ಸಿಹಿ ಮಾಡ್ಲಿಕ್ಕೆ ಎಂಆರ್‌ಪಿಎಲ್ ತೈಲ ಕಂಪನಿಯವರ ದಿನಕ್ಕೆ 3 ಕೋಟಿ ಲೀಟರಿನ ಪ್ಲಾಂಟೇ ಉಂಟು. ಗಣಿಯೂ ಗೊತ್ತು. ಕುದುರೆಮುಖದ ಅದಿರು 67 ಕಿಲೋಮೀಟರ್ ಪೈಪಲ್ಲಿ ನೀರಿನ ಜೊತೆ ಪಣಂಬೂರಿಗೆ ಇಳೀತಿತ್ತು, 2005ರ ಕೊನೆಗೆ ಗಣಿ ನಿಂತಿತು. ಆದ್ರೆ ಅಲ್ಲಿಯ ತಲೆಬಿಸಿ ಹೂಳಿನದ್ದು. ಗಣಿಯಿಂದಲೇ ಉಪ್ಪು ನೀರು ಬಂದ್ರೆ ಎಂತ ಮಾಡೋದು ಅನ್ನೋದು ಬೇರೆಯೇ ಕಥೆ, ಸುರತ್ಕಲ್‌ನಲ್ಲಿ ಮೈನಿಂಗ್ ಓದಿ ಕಲ್ಲಿದ್ದಲು ಗಣಿಗೆ ಕೆಲಸಕ್ಕೆ ಹೋಗುವ ಮಕ್ಕಳಿಗೆ ಅದು ಎದುರಾಗ್ತದೆ.

ತಣ್ಣೀರುಬಾವಿಯಂಥ ಪ್ಲಾಂಟಿಗೆ ಒಂದು ಭಾರೀ ಅನುಕೂಲ ಉಂಟು, ಪಕ್ಕದಲ್ಲೇ ಸಮುದ್ರ, ಸಿಹಿ ನೀರು ತೆಗೆದು ಉಳಿದ ಗಟ್ಟಿ ಉಪ್ಪು ನೀರನ್ನು ಅಲ್ಲಿಗೇ ವಾಪಸ್ ಬಿಡಬಹುದು. ಘಟ್ಟದ ಆಚೆ ಗಣಿಗೆ ಸಮುದ್ರ ಎಲ್ಲಿಂದ ತರೋದು ಮಾರಾಯ್ರೆ? ಹೊಳೆಗೆ ಬಿಟ್ರೆ ಕೆಳಗಿನವರ ಗದ್ದೆ ಹಾಳು. ಹಾಗಾಗಿ ಅಲ್ಲಿ ಕೊನೆಯ ಬಕೆಟ್‌ನ ವರೆಗೂ ಲೆಕ್ಕ ಕೊಡ್ಬೇಕು, ಆ ಲೆಕ್ಕ ಸರಿಯಾಗ್ಬೇಕಾದ್ರೆ ಕರಗಿದ್ದರಲ್ಲಿ ಯಾವುದನ್ನು ಮೊದ್ಲು ಗಟ್ಟಿ ಮಾಡಿ ತಳಕ್ಕೆ ಇಳಿಸೋದು ಯಾವುದನ್ನು ಆಮೇಲೆ ಅನ್ನೋ ಕ್ರಮ ಗೊತ್ತಿರ್ಬೇಕು. ಗೋಕರ್ಣದ ಹತ್ರ ಸಾಣಿಕಟ್ಟೆಯ ಉಪ್ಪಿನ ಆಗರದಲ್ಲೂ ಇದೇ ಕ್ರಮ: ಬಿಸಿಲಿಗೆ ನೀರು ಗಟ್ಟಿಯಾಗ್ತಾ ಹೋದ ಹಾಗೆ ಮೊದ್ಲು ಸುಣ್ಣದಂಶ, ಆಮೇಲೆ ಜಿಪ್ಸಮ್ (ಕ್ಯಾಲ್ಶಿಯಮ್ ಮತ್ತು ಸಲ್ಫೇಟ್ ಸೇರಿದ್ದು), ಅದಾದ್ಮೇಲೆ ಉಪ್ಪು, ಕೊನೆಗೆ ಮೆಗ್ನೀಶಿಯಮ್ ತುಂಬಿದ ಕಹಿ ನೀರು. ಎಲ್ಲ ಒಟ್ಟಿಗೆ ಒಂದೇ ಹಂಡೆಯಲ್ಲಿ ಕುದಿಸಿ ಬತ್ತಿಸಿದ್ರೆ ಸಿಗೋದು ಮಿಕ್ಸ್ ಉಪ್ಪು, ಅದನ್ನು ಯಾರೂ ತಗೊಳ್ಳೋದಿಲ್ಲ, ಪ್ಲಾಸ್ಟಿಕ್ ಹಾಸಿದ ಗುಂಡಿಗೆ ದುಡ್ಡು ಕೊಟ್ಟು ಹಾಕ್ಬೇಕು.

1. ಮೊದ್ಲು ಟೆಸ್ಟ್

ಅಂಗಡಿಯಲ್ಲಿ ಸಿಗುವ ಟಿಡಿಎಸ್ ಮೀಟರ್ ಹೇಳೋದು ಒಟ್ಟು ಎಷ್ಟು ಕರಗಿದೆ ಅಂತ ಮಾತ್ರ. ನಮಗೆ ಬೇಕಾದದ್ದು ಬಿಡಿ ಲೆಕ್ಕ: ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ, 7ಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ), ಸಲ್ಫೇಟ್, ಕ್ಲೋರೈಡ್, ಸೋಡಿಯಮ್, ಕ್ಯಾಲ್ಶಿಯಮ್, ಮೆಗ್ನೀಶಿಯಮ್, ಕಬ್ಬಿಣ, ಮ್ಯಾಂಗನೀಸ್, ಅಲ್ಯುಮಿನಿಯಮ್, ಸಿಲಿಕಾ, ಬೇರಿಯಮ್. ಕಬ್ಬಿಣದ ಸ್ಯಾಂಪಲ್ ಬೇರೆ ಬಾಟ್ಲಿಯಲ್ಲಿ ತೆಗೆದು ಅಲ್ಲೇ ಸೋಸಿ ಎರಡು ಹನಿ ನೈಟ್ರಿಕ್ ಆಸಿಡ್ ಹಾಕ್ಬೇಕು, ಇಲ್ಲದಿದ್ರೆ ಲ್ಯಾಬಿಗೆ ಮುಟ್ಟುವಷ್ಟರಲ್ಲಿ ಕಬ್ಬಿಣ ಎಲ್ಲ ಬಾಟ್ಲಿಯ ತಳದಲ್ಲಿ ಕೂತು ರಿಪೋರ್ಟಲ್ಲಿ ಕಬ್ಬಿಣವೇ ಇಲ್ಲ ಅಂತ ಬರ್ತದೆ. ರಿಪೋರ್ಟ್ ಬಂದ ಮೇಲೆ ಪ್ಲಸ್ ಚಾರ್ಜಿನವು ಮತ್ತು ಮೈನಸ್ ಚಾರ್ಜಿನವು ತಾಳೆ ಆಗ್ತದಾ ನೋಡಿ, 5 ಪರ್ಸೆಂಟ್‌ಗಿಂತ ಜಾಸ್ತಿ ವ್ಯತ್ಯಾಸ ಇದ್ರೆ ಏನೋ ಬಿಟ್ಟುಹೋಗಿದೆ ಅಂತ ಅರ್ಥ, ಮತ್ತೊಮ್ಮೆ ಮಾಡ್ಸಿ. ಮಳೆಗಾಲದ ಸ್ಯಾಂಪಲ್ ಒಂದು, ಬೇಸಿಗೆದು ಒಂದು ಬೇಕೇ ಬೇಕು.

ಈ ನೀರು ಕೆಡೋದು ಹೇಗೆ ಅಂದ್ರೆ, ಕಲ್ಲಿನೊಳಗಿನ ಪೈರೈಟ್, ಅಂದ್ರೆ ಕಬ್ಬಿಣ ಮತ್ತು ಗಂಧಕ ಸೇರಿದ ಖನಿಜ, ಗಾಳಿ ನೀರು ಎರಡೂ ತಾಗಿದ ಕೂಡ್ಲೇ ಸಲ್ಫ್ಯೂರಿಕ್ ಆಸಿಡ್ ಆಗ್ಲಿಕ್ಕೆ ಶುರುವಾಗ್ತದೆ, ಆ ಆಸಿಡ್ ಸುತ್ತಲಿನ ಕಲ್ಲನ್ನೂ ಕರಗಿಸ್ತದೆ. ಪೋಲೆಂಡಿನ ಸೈಲೀಸಿಯಾದ ಕಲ್ಲಿದ್ದಲು ಗಣಿಗಳ ಕಥೆ ಬೇರೆ, ಅಲ್ಲಿ ಆಳದ ಹಳೇ ಉಪ್ಪು ನೀರೇ ಮೇಲೆ ಬರ್ತದೆ, ಕೆಲವು ಕಡೆ ಅದ್ರಲ್ಲಿ ವಿಕಿರಣ ಸೂಸುವ ರೇಡಿಯಮ್ ಕೂಡ. ಅಂಥ ನೀರಾದ್ರೆ ಇಳಿದ ಕೆಸರನ್ನು ಮಾರುವ ಆಸೆ ಬಿಡ್ಬೇಕು.

2. ಮಳೆ ನೀರು ದೂರ ಇಡಿ

ಇದು ಕೆಮಿಸ್ಟ್ರಿ ಅಲ್ಲ, ಚರಂಡಿ ಕೆಲಸ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಬೀಳ್ತದೆ, ಅಷ್ಟು ಒಳ್ಳೆ ನೀರು ಗಣಿಗೆ ಇಳಿದು ಹಾಳಾದ ಮೇಲೆ ಕ್ಲೀನ್ ಮಾಡೋದಕ್ಕಿಂತ ಮೇಲೆಯೇ ಕಣಿ ತೋಡಿ ಬೇರೆ ಕಡೆ ಹರಿಸೋದು ಸಾವಿರ ಪಾಲು ಲಾಭ.

3. ಗಾಳಿ ಊದಿ, ಕಬ್ಬಿಣ ಇಳಿಸಿ

ದೊಡ್ಡ ಟ್ಯಾಂಕ್ ಕಟ್ಟುವ ಮೊದ್ಲು ಲ್ಯಾಬಲ್ಲಿ ಜಾರ್ ಟೆಸ್ಟ್ ಮಾಡ್ಲೇಬೇಕು. ಒಂದು ಲೀಟರಿನ ಆರು ಬೀಕರ್ ಸಾಲಾಗಿ ಇಟ್ಟು, ಒಂದೊಂದಕ್ಕೆ ಬೇರೆ ಬೇರೆ ಅಳತೆಯ ಸುಣ್ಣದ ತಿಳಿ ಹಾಕಿ ತಿರುಗಿಸ್ತಾ ನೋಡಿ. ನೀರಲ್ಲಿರೋದು ಫೆರಸ್ ಕಬ್ಬಿಣ, ಅಂದ್ರೆ ಗಾಳಿ ತಾಗಿ ಫೆರಿಕ್ ಆಗುವ ಮೊದಲಿನ ರೂಪ, ಆದ್ರೆ ಮೊದ್ಲು ಹಸಿರು ಹಸಿರಾದ ಮೋಡ ಬರ್ತದೆ, ಗಾಳಿ ಊದ್ತಾ ಹೋದ ಹಾಗೆ ಅದೇ ಮೋಡ ಅಂಚಿಂದ ಕಂದಾಗಿ ಆಮೇಲೆ ಪೂರ್ತಿ ತುಕ್ಕಿನ ಬಣ್ಣಕ್ಕೆ ತಿರುಗ್ತದೆ, ತಿರುಗಿಸೋದು ನಿಲ್ಲಿಸಿದ್ರೆ ಸಣ್ಣ ಸಣ್ಣ ಗರಿ ಕಟ್ಟಿ ಕೆಳಗೆ ಕೂರ್ತದೆ. ಅರ್ಧ ಗಂಟೆ ಬಿಟ್ಟು ಯಾವ ಬೀಕರಲ್ಲಿ ಮೇಲಿನ ನೀರು ತಿಳಿಯಾಗಿದೆ, ಪಿಎಚ್ ಎಷ್ಟಾಗಿದೆ ಬರ್ಕೊಳ್ಳಿ. ಸುಣ್ಣ ಕೈಗೆ ಕಣ್ಣಿಗೆ ತಾಗಿದ್ರೆ ಸುಡ್ತದೆ, ಗ್ಲೌಸ್ ಕನ್ನಡಕ ಇಲ್ಲದೆ ಬೇಡ.

ಇಲ್ಲಿಯ ಗುಟ್ಟು ಎಂತ ಅಂದ್ರೆ, ಗಾಳಿ ತಾಗಿ ಫೆರಿಕ್ ಆದ ಕಬ್ಬಿಣ ಪಿಎಚ್ 3.5ರ ಆಸುಪಾಸಲ್ಲೇ ಇಳೀತದೆ, ಅಲ್ಯುಮಿನಿಯಮ್‌ಗೆ 5–6 ಬೇಕು, ಮ್ಯಾಂಗನೀಸ್ 9 ದಾಟದೆ ಅಲ್ಲಾಡೋದಿಲ್ಲ. ಒಮ್ಮೆಲೇ ಸುಣ್ಣ ಸುರಿದ್ರೆ ಮೂರೂ ಜೊತೆಗೆ ಜಿಪ್ಸಮೂ ಸೇರಿ ಕಂದು ಕೆಸರು. ನಿಧಾನಕ್ಕೆ ಏರಿಸಿದ್ರೆ ಕಬ್ಬಿಣ ಮಾತ್ರ ಮೊದ್ಲು ಬರ್ತದೆ, ಅದನ್ನು ತೊಳೆದು ಒಣಗಿಸಿದ್ರೆ ಹಳದಿ ಕಂದು ಪುಡಿ, ಒಲೆಯಲ್ಲಿ ಕಾಯಿಸಿದ್ರೆ ಕೆಂಪು. ಕರಾವಳಿಯ ಹಳೇ ಮನೆಗಳ ರೆಡ್ ಆಕ್ಸೈಡ್ ನೆಲಕ್ಕೆ ಹಾಕ್ತಿದ್ದದ್ದೂ ಐರನ್ ಆಕ್ಸೈಡೇ. ಅಮೆರಿಕದ ಒಹಾಯೋದಲ್ಲಿ ಹಳೇ ಕಲ್ಲಿದ್ದಲು ಗಣಿಯ ನೀರಿಂದ ಹೀಗೇ ತೆಗೆದ ಬಣ್ಣ ಕಲಾವಿದರ ಪೇಂಟ್ ಟ್ಯೂಬಿಗೂ ಹೋಗಿದೆ.

4. ಜಿಪ್ಸಮ್, ಆಮೇಲೆ ಮೆಗ್ನೀಶಿಯಮ್

ಕಬ್ಬಿಣ ಹೋದ ಮೇಲೆ ಸುಣ್ಣ ಜಾಸ್ತಿ ಮಾಡಿದ್ರೆ ಸಲ್ಫೇಟ್ ಜಿಪ್ಸಮ್ ಆಗಿ ಇಳೀತದೆ. ಹಿಂದಿನ ಬ್ಯಾಚಿನ ಜಿಪ್ಸಮ್ ಸ್ವಲ್ಪ ಟ್ಯಾಂಕಿಗೆ ವಾಪಸ್ ಹಾಕಿ, ಹೊಸ ಹರಳು ಅದ್ರ ಮೇಲೆಯೇ ಬೆಳೀತದೆ, ಪೈಪಲ್ಲಿ ಕಟ್ಟೋದಿಲ್ಲ. ಲೆಕ್ಕಕ್ಕೆ ಒಂದು ಉದಾಹರಣೆ: ಲೀಟರಿಗೆ 3,000 ಮಿಲಿಗ್ರಾಂ ಇದ್ದ ಸಲ್ಫೇಟನ್ನು 1,800ಕ್ಕೆ ಇಳಿಸಿದ್ರೆ ಒಂದು ಲಕ್ಷ ಲೀಟರಿಗೆ ಸುಮಾರು 215 ಕೆಜಿ ಒಣ ಜಿಪ್ಸಮ್. ಅದಕ್ಕಿಂತ ತುಂಬ ಕೆಳಗೆ ಸುಣ್ಣದಿಂದ ಆಗೋದಿಲ್ಲ, ಯಾಕಂದ್ರೆ ಜಿಪ್ಸಮ್ಮೇ ಲೀಟರಿಗೆ 2ರಿಂದ 2.5 ಗ್ರಾಂನಷ್ಟು ನೀರಲ್ಲಿ ಕರಗಿ ಕೂತಿರ್ತದೆ. ಕುಡಿಯೋ ನೀರಿಗೆ ಬಿಐಎಸ್, ಅಂದ್ರೆ ಭಾರತೀಯ ಮಾನಕ ಬ್ಯೂರೋ, ಹೇಳೋದು ಸಲ್ಫೇಟ್ 200, ಬೇರೆ ನೀರೇ ಇಲ್ಲದಿದ್ರೆ 400.

ಮೆಗ್ನೀಶಿಯಮ್ ಪಿಎಚ್ 10.5 ದಾಟಿದ ಮೇಲೆ ಬಿಳಿ ಲೋಳೆ ಥರ ಇಳೀತದೆ. ಸುಣ್ಣದಲ್ಲೇ ಮಾಡಿದ್ರೆ ಜಿಪ್ಸಮ್ ಜೊತೆ ಕಲಸಿಹೋಗ್ತದೆ, ಕಾಸ್ಟಿಕ್ ಸೋಡಾದಲ್ಲಿ ಮಾಡಿದ್ರೆ ಚೊಕ್ಕ, ಆದ್ರೆ ರೇಟು ಜಾಸ್ತಿ, ನೀರಿಗೆ ಸೋಡಿಯಮ್ ಬೇರೆ ಸೇರ್ತದೆ. ಲೀಟರಿಗೆ 100 ಮಿಲಿಗ್ರಾಂ ಮೆಗ್ನೀಶಿಯಮ್ ಇದ್ರೆ ಲಕ್ಷ ಲೀಟರಿಗೆ ಬರೋದು 24 ಕೆಜಿ ಹೈಡ್ರಾಕ್ಸೈಡ್ ಅಷ್ಟೇ, ಅಷ್ಟಕ್ಕೆ ಕಾಸ್ಟಿಕ್ ಖರ್ಚು ಗಿಟ್ಟುದಾ ಅಂತ ನೋಡ್ಬೇಕು. ನನ್ನ ಪ್ರಕಾರ 500ರ ಮೇಲೆ ಇದ್ರೆ ಮಾತ್ರ ಯೋಚನೆ ಮಾಡಿ. ಕೊನೆಗೆ ಕಾರ್ಬನ್ ಡೈಆಕ್ಸೈಡ್ ಊದಿ ಪಿಎಚ್ ಇಳಿಸಿ, ಜಾಸ್ತಿಯಾದ ಸುಣ್ಣದ ಕ್ಯಾಲ್ಶಿಯಮ್ ಸುಮಾರು ಭಾಗ ಸೀಮೆಸುಣ್ಣವಾಗಿ ಕೂರ್ತದೆ.

5. ಮೆಂಬ್ರೇನ್

ಈಗ ಆರ್‌ಒ, ಅಂದ್ರೆ ಒತ್ತಡ ಹಾಕಿ ನೀರನ್ನು ಮೆಂಬ್ರೇನ್ ಅನ್ನುವ ತೆಳು ಪೊರೆ ದಾಟಿಸಿ ಉಪ್ಪನ್ನು ಹಿಂದೆಯೇ ಉಳಿಸೋದು. ಮೊದ್ಲು ಅಲ್ಟ್ರಾಫಿಲ್ಟರ್‌ನಲ್ಲಿ ಸಣ್ಣ ಕಣ ತೆಗೀರಿ, ಆಮೇಲೆ ಬೇಕಾದ್ರೆ ನ್ಯಾನೋಫಿಲ್ಟರ್. ಅದು ಸಲ್ಫೇಟ್, ಕ್ಯಾಲ್ಶಿಯಮ್, ಮೆಗ್ನೀಶಿಯಮ್ ತಡೆದು ಅಡುಗೆ ಉಪ್ಪಿನ ಸೋಡಿಯಮ್ ಕ್ಲೋರೈಡ್ ದಾಟ್ಲಿಕ್ಕೆ ಬಿಡ್ತದೆ, ಅಂದ್ರೆ ಎರಡು ಜಾತಿಯ ಉಪ್ಪು ಇಲ್ಲೇ ಬೇರೆ ಆಗ್ತದೆ. ಲೀಟರಿಗೆ 5 ಗ್ರಾಂ ಉಪ್ಪಿನ ನೀರಿಂದ ಆರ್‌ಒ 75 ಪರ್ಸೆಂಟ್ ಸಿಹಿ ನೀರು ತೆಗೆದ್ರೆ ಉಳಿದದ್ದು 20 ಗ್ರಾಂ, 90 ಪರ್ಸೆಂಟ್ ತೆಗೆದ್ರೆ 50 ಗ್ರಾಂ. ಹೀಗೆ ಗಟ್ಟಿಯಾಗುವಾಗ ಜಿಪ್ಸಮ್ ಮತ್ತೆ ತಲೆ ಎತ್ತಿ ಮೆಂಬ್ರೇನ್ ಮೇಲೆ ಸೂಜಿ ಸೂಜಿಯಾಗಿ ಕಟ್ತದೆ, ಸಾದಾ ಆಸಿಡ್ ಹಾಕಿ ತೊಳೆದ್ರೆ ಅದು ಜಪ್ಪಯ್ಯ ಅನ್ನೋದಿಲ್ಲ, ಕ್ಷಾರದಲ್ಲಿ ಬೆರೆಸಿದ ಇಡಿಟಿಎ, ಅಂದ್ರೆ ಕ್ಯಾಲ್ಶಿಯಮ್ ಹಿಡಿದು ಕರಗಿಸುವ ಕೆಮಿಕಲ್, ಬೇಕು. ಸಿಹಿ ನೀರಿನ ಹರಿವು 10 ಪರ್ಸೆಂಟ್ ಇಳಿದ ಕೂಡ್ಲೇ ತೊಳೀರಿ, ನಾಳೆ ನೋಡುವ ಅಂತ ಬಿಟ್ರೆ ಮೆಂಬ್ರೇನೇ ಬದಲಾಯಿಸ್ಬೇಕಾದೀತು.

ದಕ್ಷಿಣ ಆಫ್ರಿಕಾದ ಇಮಲಾಹ್ಲೇನಿಯಲ್ಲಿ 2007ರಿಂದ ನಡೀತಿರುವ ಪ್ಲಾಂಟ್ ಇದಕ್ಕೆ ಒಳ್ಳೆ ದಾರಿ ಹಿಡಿದಿದೆ: ಆರ್‌ಒ ಒಂದು ಹಂತ, ಮಧ್ಯೆ ಜಿಪ್ಸಮ್ ಇಳಿಸೋದು, ಮತ್ತೆ ಆರ್‌ಒ, ಮತ್ತೆ ಇಳಿಸೋದು. ಕಲ್ಲಿದ್ದಲು ಗಣಿಯ ಆ ನೀರು ಊರಿನ ನಲ್ಲಿಗೆ ಹೋಗ್ತದೆ, ಜಿಪ್ಸಮ್‌ನಿಂದ ಇಟ್ಟಿಗೆ ಮಾಡಿ ಮನೆಗಳನ್ನೂ ಕಟ್ಟಿದ್ದಾರೆ.

6. ಕೊನೆಯ ಗಟ್ಟಿ ನೀರು

ಖರ್ಚು ಹೆಚ್ಚು ಇಲ್ಲೇ. ಸಮುದ್ರದ ನೀರನ್ನು ಆರ್‌ಒ ಮಾಡ್ಲಿಕ್ಕೆ ಸಾವಿರ ಲೀಟರಿಗೆ 3–4 ಯೂನಿಟ್ ಕರೆಂಟ್ ಸಾಕು, ಗಟ್ಟಿ ನೀರನ್ನು ಆವಿ ಮಾಡಿ ಹರಳು ಬರಿಸ್ಲಿಕ್ಕೆ ಅದ್ರ ಎಷ್ಟೋ ಪಟ್ಟು. ಬಿಸಿಲಿನ ಹೊಂಡ ಮಾಡುವ ಅಂದ್ರೆ ಒಣ ಊರಿಗೆ ಆದೀತು, ನಮ್ಮಲ್ಲಿ ಜೂನ್‌ನಲ್ಲಿ ಹೊಂಡ ತುಂಬಿ ಹರಿದು ಮಾಡಿದ ಕೆಲಸ ಎಲ್ಲ ನೀರುಪಾಲು.

ಸೋಡಿಯಮ್ ಸಲ್ಫೇಟ್ ಜಾಸ್ತಿ ಇದ್ರೆ ಕುದಿಸುವ ಮೊದ್ಲು ತಣ್ಣಗೆ ಮಾಡಿ ನೋಡಿ. 32 ಡಿಗ್ರಿಯಲ್ಲಿ 100 ಗ್ರಾಂ ನೀರಲ್ಲಿ ಅದು ಸುಮಾರು 50 ಗ್ರಾಂ ಕರಗ್ತದೆ, 0 ಡಿಗ್ರಿಯಲ್ಲಿ ಬರೀ 5. ಅಡುಗೆ ಉಪ್ಪು ಮಾತ್ರ ಚಳಿಗೂ ಬಿಸಿಗೂ ಒಂದೇ, 36ರ ಹತ್ರ. ಹಾಗಾಗಿ ಚಿಲ್ಲರ್ ಹಾಕಿದ್ರೆ ಸಲ್ಫೇಟ್ ಉದ್ದುದ್ದ ಗಾಜಿನಂಥ ಹರಳಾಗಿ ಕೆಳಗೆ, ಉಪ್ಪು ನೀರಲ್ಲೇ. ಇನ್ನೂ ತಣ್ಣಗೆ ಮಾಡಿ ನೀರನ್ನೇ ಮಂಜುಗಡ್ಡೆ ಮಾಡುವ ವಿಧಾನವೂ ಉಂಟು, ಮಂಜು ತೇಲ್ತದೆ, ಉಪ್ಪು ಮುಳುಗ್ತದೆ. ಒಂದು ಕೆಜಿ ನೀರು ಆವಿಯಾಗ್ಲಿಕ್ಕೆ 2,257 ಕಿಲೋಜೌಲ್ ಬೇಕಾದ್ರೆ ಹೆಪ್ಪುಗಟ್ಟುವಾಗ ತೆಗೀಬೇಕಾದದ್ದು 334 ಅಷ್ಟೇ. ಕಾಗದದಲ್ಲಿ ಭಾರೀ ಚಂದ, ದೊಡ್ಡ ಮಟ್ಟದಲ್ಲಿ ಇನ್ನೂ ಕಡಿಮೆ. ಕುದಿಸಿ ತೆಗೆಯುವುದಕ್ಕೆ ತಿರುಪ್ಪೂರಿನ ಬಟ್ಟೆ ಬಣ್ಣದವರು ಹತ್ತಿರದ ಉದಾಹರಣೆ, ಗಣಿ ಅಲ್ಲದಿದ್ರೂ ಅವ್ರು ಕೊಳೆ ನೀರಿಂದ ಸೋಡಿಯಮ್ ಸಲ್ಫೇಟ್ ತೆಗೆದು ಮತ್ತೆ ಬಣ್ಣ ಹಾಕ್ಲಿಕ್ಕೇ ಬಳಸ್ತಾರೆ.

7. ನೀರು ಕೊಡುವ ಮೊದ್ಲು, ಉಪ್ಪು ಮಾರುವ ಮೊದ್ಲು

ಆರ್‌ಒ ನೀರು ಸಪ್ಪೆ, ಕಬ್ಬಿಣದ ಪೈಪನ್ನು ತಿಂತದೆ, ಸುಣ್ಣಕಲ್ಲಿನ ಮೇಲೆ ಹರಿಸಿ ಸ್ವಲ್ಪ ಗಡಸು ಮಾಡಿಯೇ ನಲ್ಲಿಗೆ ಬಿಡಿ. ಖನಿಜದ ವಿಷಯಕ್ಕೆ ಬಂದ್ರೆ ಪ್ಲಾಂಟಿನ ಡ್ರಾಯಿಂಗ್ ಮಾಡುವ ಮೊದ್ಲೇ ಗಿರಾಕಿ ಹುಡುಕ್ಬೇಕು: ಜಿಪ್ಸಮ್‌ಗೆ ಸಿಮೆಂಟ್ ಫ್ಯಾಕ್ಟರಿ, ಸಲ್ಫೇಟ್‌ಗೆ ಸೋಪು ಪುಡಿ ಮತ್ತು ಗಾಜಿನವರು, ಮೆಗ್ನೀಶಿಯಮ್ ಹೈಡ್ರಾಕ್ಸೈಡ್‌ಗೆ ಬೆಂಕಿ ತಡೆಯುವ ಪ್ಲಾಸ್ಟಿಕ್ ಮಾಡುವವರು. ಜಿಪ್ಸಮ್ ಅಗ್ಗದ ಮಾಲು, ಫ್ಯಾಕ್ಟರಿ ದೂರ ಇದ್ರೆ ಲಾರಿ ಬಾಡಿಗೆಯೇ ಲಾಭ ತಿಂತದೆ, ಅಂಥ ಕಡೆ ಇಮಲಾಹ್ಲೇನಿಯವರ ಹಾಗೆ ಗಣಿ ಬಾಗಿಲಲ್ಲೇ ಇಟ್ಟಿಗೆ ಮಾಡೋದು ಒಳ್ಳೇದು. ಗಿರಾಕಿಗೆ ಎಷ್ಟು ಶುದ್ಧ ಬೇಕು, ಎಷ್ಟು ತೇವ ಇದ್ರೆ ಆದೀತು ಅಂತ ಕೇಳಿ ಬರವಣಿಗೆಯಲ್ಲಿ ತಗೊಳ್ಳಿ, 3 ಮತ್ತು 4ನೇ ಹೆಜ್ಜೆಯ ಪಿಎಚ್ ಎಲ್ಲಿ ನಿಲ್ಲಿಸೋದು ಅನ್ನೋದು ಅದ್ರಿಂದಲೇ ತೀರ್ಮಾನ ಆಗ್ತದೆ.